ಫೈನಾನ್ಸ್ ಕಂಪನಿ ಸಾಲಗಾರರಿಗೆ ಮೋಸ ಮಾಡಿದರೆ ಷೇರುದಾರರು ನಿರ್ದೇಶಕರ ಮೇಲೆ ಕೇಸ್ ಹಾಕುವುದು ಹೇಗೆ?

ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಹೊಸ ಮಷಿನ್ ತಗೊಳ್ಳಲು ಒಂದು ಫೈನಾನ್ಸ್ ಕಂಪನಿಯಲ್ಲಿ 50,000 ರೂಪಾಯಿ ಸಾಲ ಮಾಡಿದರು. "ಹನ್ನೆರಡು ಪರ್ಸೆಂಟ್ ಅಂತ ಹೇಳ್ಯಾರ್ರೀ ಅಣ್ಣಾ" ಅಂತ ಕಾಗದ ತಂದು ತೋರಿಸಿದರು. ಕೂತು ಲೆಕ್ಕ ಹಾಕಿದೆವು. ಫ್ಲಾಟ್ ರೇಟಿನಲ್ಲಿ ಎರಡು ವರ್ಷಕ್ಕೆ ಬಡ್ಡಿ 12,000. ತಿಂಗಳ ಕಂತು 2,583. ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಅಂತ 2,500 ಮೊದಲೇ ಹಿಡಿದುಕೊಂಡು ಕೈಗೆ ಕೊಟ್ಟಿದ್ದು 47,500. ಅಸಲು ತಿಂಗಳು ತಿಂಗಳು ತೀರುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೆಯೇ. ನಿಜವಾದ ವಾರ್ಷಿಕ ದರ ಸುಮಾರು 27 ಪರ್ಸೆಂಟ್!

ಆ ಅಕ್ಕ ಮೊದಲು ಕಂಪನಿಗೆ ದೂರು ಕೊಡಬೇಕು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬಳಿ ಹೋಗಬಹುದು. ಆದರೆ ಅದೇ ಕಂಪನಿಯ ಷೇರು ನಿಮ್ಮ ಹತ್ತಿರ ಇದ್ದರೆ? ಆಗ ನೀವು ಕೂಡ ನಷ್ಟಕ್ಕೆ ಸಿಗುವವರೇ. 2024ರ ಅಕ್ಟೋಬರ್‌ನಲ್ಲಿ ವಿಪರೀತ ಬಡ್ಡಿಯ ಕಾರಣಕ್ಕೆ ನಾಲ್ಕು ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿಗಳಿಗೆ) ಹೊಸ ಸಾಲ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಸಾಲ ಕೊಡುವುದೇ ನಿಂತ ಮೇಲೆ ಫೈನಾನ್ಸ್ ಕಂಪನಿಯ ಷೇರಿಗೆ ಬೆಲೆ ಎಲ್ಲಿ ಉಳಿಯುತ್ತದೆ?

ಇಂಥ ಕೇಸ್ ಗೆಲ್ಲಲು ಆಗುತ್ತಾ ಅಂತ ಕೇಳುವವರಿಗೆ ಅಮೆರಿಕದ ಹೌಸ್‌ಹೋಲ್ಡ್ ಇಂಟರ್‌ನ್ಯಾಷನಲ್ ಕಂಪನಿಯ ಕಥೆ ಹೇಳಬೇಕು. ಸಾಲಗಾರರನ್ನು ದಾರಿ ತಪ್ಪಿಸಿ ಗಳಿಸಿದ ಲಾಭ ತೋರಿಸಿ ನಮ್ಮನ್ನೂ ನಂಬಿಸಿದರು ಎಂದು ಷೇರುದಾರರು 2002ರಲ್ಲಿ ಕಂಪನಿ ಮತ್ತು ಅದರ ಮುಖ್ಯಸ್ಥರ ಮೇಲೆ ಕೇಸ್ ಹಾಕಿದರು. 2016ರಲ್ಲಿ 157.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಹದಿನಾಲ್ಕು ವರ್ಷ ಹಿಡಿಯಿತು, ನಿಜ.

ನಮ್ಮಲ್ಲಿ ದಾರಿ ಇರುವುದು 2013ರ ಕಂಪನಿ ಕಾಯ್ದೆಯಲ್ಲಿ. ಪ್ರಾಮಾಣಿಕವಾಗಿ, ಎಚ್ಚರದಿಂದ ಕೆಲಸ ಮಾಡುವುದು ನಿರ್ದೇಶಕರ ಕರ್ತವ್ಯ ಎನ್ನುತ್ತದೆ ಸೆಕ್ಷನ್ 166. ಷೇರುದಾರರು ಒಟ್ಟಾಗಿ ಅವರ ಮೇಲೆ ಕ್ಲಾಸ್ ಆ್ಯಕ್ಷನ್ (ಎಲ್ಲ ಷೇರುದಾರರ ಪರವಾಗಿ ಒಂದೇ ಕೇಸ್) ಹೂಡಿ ಪರಿಹಾರ ಕೇಳಬಹುದು ಎನ್ನುತ್ತದೆ ಸೆಕ್ಷನ್ 245.

ಮೊದಲು ಕಂಪನಿ ಯಾವ ಥರದ್ದು ನೋಡಿ. ಬ್ಯಾಂಕ್ ಆಗಿದ್ದರೆ ಸೆಕ್ಷನ್ 245 ಅನ್ವಯಿಸುವುದಿಲ್ಲ. ಎನ್‌ಬಿಎಫ್‌ಸಿ ಆದರೆ ಅಡ್ಡಿಯಿಲ್ಲ. ಷೇರು ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲೇ ಇರಬೇಕು. ಮ್ಯೂಚುವಲ್ ಫಂಡ್ ಮೂಲಕ ಇದ್ದರೆ ಲೆಕ್ಕಕ್ಕಿಲ್ಲ.

ಆಮೇಲೆ ಕಾಗದ ಕೂಡಿಸಿ. ಇಲ್ಲಿ ಅವಸರ ಬೇಡ, ಕೇಸ್ ನಿಲ್ಲುವುದೂ ಬೀಳುವುದೂ ಇದರ ಮೇಲೆ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಕ್ಕೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಕಾಗದ) ಕೊಡಬೇಕು. ಖರ್ಚೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು. ಸಾಲಗಾರರು ಒಪ್ಪಿದರೆ ಅದರ ನಕಲು ಇಟ್ಟುಕೊಳ್ಳಿ. ಆದರೆ ಸಾಲಗಾರರಿಗೆ ಮೋಸವಾಯಿತು ಎಂದು ತೋರಿಸಿದರೆ ಸಾಲದು. ನಿರ್ದೇಶಕರಿಗೆ ಗೊತ್ತಿತ್ತು, ಇಲ್ಲವೇ ಗೊತ್ತಾಗಬೇಕಿತ್ತು ಎಂದೂ ತೋರಿಸಬೇಕು. ಬೋರ್ಡ್ ಮೀಟಿಂಗಿನ ನಡಾವಳಿ ನಿಮಗೆ ಸಿಗುವುದಿಲ್ಲ. ವಾರ್ಷಿಕ ವರದಿ ಸಿಗುತ್ತದೆ. ಎಷ್ಟು ಗ್ರಾಹಕರು ದೂರು ಕೊಟ್ಟರು, ಯಾವುದರ ಬಗ್ಗೆ ಜಾಸ್ತಿ ದೂರು ಬಂತು ಎಂಬುದನ್ನು ಎನ್‌ಬಿಎಫ್‌ಸಿಗಳು ಅದರಲ್ಲೇ ಕೊಡಬೇಕು. ಎರಡು-ಮೂರು ವರ್ಷದ ಪುಟಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಬಡ್ಡಿ, ಶುಲ್ಕದ ಬಗ್ಗೆ ದೂರು ಏರುತ್ತಲೇ ಇದ್ದರೆ "ನಮಗೆ ಗೊತ್ತಿರಲಿಲ್ಲ" ಎನ್ನುವುದು ನಿರ್ದೇಶಕರಿಗೆ ಕಷ್ಟ.

ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಿ. ದೊಡ್ಡ ಕಂಪನಿಗಳ ಸಭೆ ಈಗ ವಿಡಿಯೊದಲ್ಲೇ ನಡೆಯುವುದು ಜಾಸ್ತಿ, ಮೊಬೈಲ್ ಸಾಕು. ಮಾತಾಡಲು ಮೊದಲೇ ಹೆಸರು ಕೊಡಬೇಕು, ಹೇಗೆಂದು ಸಭೆಯ ನೋಟಿಸಿನಲ್ಲಿರುತ್ತದೆ. ಅದೇ ಪ್ರಶ್ನೆಯನ್ನು ಇ-ಮೇಲ್‌ನಲ್ಲೂ ಕಳಿಸಿ. ಮುಂದೆ ಅದೇ ಸಾಕ್ಷಿ.

ಈಗ ಜನ ಕೂಡಿಸಬೇಕು. 100 ಷೇರುದಾರರು, ಇಲ್ಲವೇ ಒಟ್ಟು ಷೇರುದಾರರ ಶೇ 5, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸಾಕು. ಲಿಸ್ಟೆಡ್, ಅಂದರೆ ಷೇರು ಪೇಟೆಯಲ್ಲಿರುವ, ಕಂಪನಿಯಾದರೆ ಶೇ 2 ಷೇರು ಇರುವವರೂ ಅರ್ಜಿ ಹಾಕಬಹುದು. ಆದರೆ ಅಷ್ಟು ಷೇರು ನಮ್ಮಂಥವರ ಹತ್ತಿರ ಎಲ್ಲಿಂದ ಬರಬೇಕು? ತಲೆ ಎಣಿಸುವ ದಾರಿಯೇ ನಮ್ಮದು. ಹತ್ತತ್ತು ಷೇರು ಇರುವ ನೂರು ಜನ ಕಲಬುರಗಿ, ಬೀದರ್, ಯಾದಗಿರಿ ಸೇರಿದರೆ ಸಿಗದೇ ಇರುತ್ತಾರಾ?

ಹೈಕೋರ್ಟ್ ಪೀಠ ಊರಲ್ಲೇ ಇದೆಯಲ್ಲಾ ಅಂತ ಅಲ್ಲಿಗೆ ಹೋಗಬೇಡಿ. ಅರ್ಜಿ ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ. ಯಾವ ಊರಿನ ಪೀಠ ಅನ್ನುವುದು ಕಂಪನಿಯ ನೋಂದಾಯಿತ ಕಚೇರಿಯ ಮೇಲೆ ಹೋಗುತ್ತದೆ. ವಾರ್ಷಿಕ ವರದಿಯಲ್ಲಿರುವ 21 ಅಕ್ಷರ-ಅಂಕಿಗಳ ಕಂಪನಿ ಗುರುತಿನ ಸಂಖ್ಯೆ ನೋಡಿ. ಮೊದಲ ಅಕ್ಷರ, ಐದು ಅಂಕಿ, ಆಮೇಲಿನ ಎರಡು ಅಕ್ಷರ ರಾಜ್ಯದ್ದು. 'ಕೆಎ' ಇದ್ದರೆ ಬೆಂಗಳೂರು ಪೀಠ, 'ಎಂಎಚ್' ಇದ್ದರೆ ಮುಂಬೈ ಪೀಠ. ನಿಮ್ಮ ಪರವಾಗಿ ವಕೀಲರೇ ಬೇಕೆಂದಿಲ್ಲ. ಕಂಪನಿ ಸೆಕ್ರೆಟರಿ ಅಥವಾ ಸಿಎ ಕೂಡ ವಾದ ಮಾಡಬಹುದು. ಮೂರು ವರ್ಷದ ಕಾಲಮಿತಿ ಮೀರದಂತೆ ನೋಡಿಕೊಳ್ಳಿ. ಸುಮ್ನೆ ಹಾಕಿದ ಅರ್ಜಿ ಎಂದು ಅನಿಸಿದರೆ ಮಂಡಳಿ ಒಂದು ಲಕ್ಷದವರೆಗೆ ಖರ್ಚು ಕಟ್ಟಿಸಬಹುದು. ಕಾಗದ ಗಟ್ಟಿ ಇರಲಿ ಅಂದಿದ್ದು ಅದಕ್ಕೇ.

ಅರ್ಜಿ ಸ್ವೀಕಾರವಾದರೆ ಉಳಿದ ಷೇರುದಾರರಿಗಾಗಿ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಆದರೆ ಅದು ಕಂಪನಿ ನೋಂದಣಿಯಾದ ರಾಜ್ಯದ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಮುಂಬೈ ಕಂಪನಿಯಾದರೆ ಮರಾಠಿ ಪತ್ರಿಕೆಯಲ್ಲಿ ಬಂದುಹೋಗುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲೂ ಅದನ್ನು ಹಾಕಲೇಬೇಕು. ನಿಮ್ಮ ಷೇರಿನ ಕಂಪನಿಯ ಮೇಲೆ ಬೇರೆ ಯಾರೋ ಈಗಾಗಲೇ ಕೇಸ್ ಹಾಕಿದ್ದಾರಾ ಅಂತ ಅಲ್ಲಿ ನೋಡಿ.