ಮೊದಲು ಗಂಡನ ರಿಪೋರ್ಟ್ ಕೊಡಿ

ಮಕ್ಕಳಾಗಲಿಲ್ಲ ಅಂತ ಬರುವ ಜೋಡಿಗಳನ್ನು ನೋಡುವ ಡಾಕ್ಟರ್ ನಾನು. ನನ್ನ ಮೇಜಿನ ಮುಂದೆ ಇರುವುದು ಎರಡೇ ಕುರ್ಚಿ. ಅತ್ತೆ, ನಾದಿನಿ, ಅಕ್ಕ ಎಲ್ಲರೂ ಬರುತ್ತಾರೆ. ಅವರಿಗೆ ಹೊರಗೆ ಫ್ಯಾನ್ ಇದೆ, ಪೇಪರ್ ಇದೆ. ಮೊದಲ ಸಲ ಒಳಗೆ ಗಂಡ ಹೆಂಡತಿ ಮಾತ್ರ. ಇದಕ್ಕೆ ಬೇಜಾರು ಮಾಡಿಕೊಂಡವರೂ ಇದ್ದಾರೆ. ಮಾಡಿಕೊಳ್ಳಲಿ.

ನಾನು ಪಿ.ಜಿ. ಓದಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಬಸುರಿಯರ ಸಾಲಿನಲ್ಲೇ ಮಕ್ಕಳಾಗದವರೂ ಕೂರಬೇಕಿತ್ತು. ಪಕ್ಕದವರು ಸುಮ್ನೆ ಮಾತಿಗೆ ‘ನಿಮಗೆ ಎಷ್ಟು ತಿಂಗಳು?’ ಅಂತ ಕೇಳುತ್ತಿದ್ದರು. ಇವರು ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದರು. ಈಗ ದಾವಣಗೆರೆಯ ನನ್ನ ಕ್ಲಿನಿಕ್‌ನಲ್ಲಿ ಬಸುರಿಯರನ್ನು ನೋಡುವುದು ಬೆಳಿಗ್ಗೆ, ಇವರನ್ನು ನೋಡುವುದು ಸಂಜೆ.

ಹೆಂಗಸರು ಬರುವಾಗ ಪ್ಲಾಸ್ಟಿಕ್ ಕವರ್ ತುಂಬ ರಿಪೋರ್ಟ್ ತರುತ್ತಾರೆ. ಥೈರಾಯ್ಡ್, ಎಎಂಎಚ್ (ಅಂಡಗಳು ಎಷ್ಟು ಉಳಿದಿವೆ ಅಂತ ಅಂದಾಜು ಮಾಡುವ ರಕ್ತ ಪರೀಕ್ಷೆ), ಸ್ಕ್ಯಾನ್, ಗರ್ಭನಾಳದ ಎಕ್ಸ್‌ರೇ, ಕೆಲವರಿಗೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವ ಲ್ಯಾಪರೊಸ್ಕೋಪಿ ಕೂಡ ಆಗಿರುತ್ತದೆ. ಗಂಡನದು ಒಂದು ಚೀಟಿಯೂ ಇರುವುದಿಲ್ಲ. ‘ಅವರಿಗೇನಾಗಿದೆ ಮೇಡಂ, ಗಟ್ಟಿಮುಟ್ಟಾಗಿದ್ದಾರೆ’ ಅನ್ನುತ್ತಾರೆ. ಹತ್ತಿರ ಹತ್ತಿರ ಅರ್ಧದಷ್ಟು ಜೋಡಿಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ, ಖರ್ಚೂ ಕಡಿಮೆ. ಆದರೂ ಅದು ಕೊನೆಗೆ ಆಗುತ್ತದೆ! ನನಗೆ ಇವತ್ತಿಗೂ ಸಿಟ್ಟು ಬರುವುದು ಇಲ್ಲೇ.

ಹಾವೇರಿ ಕಡೆಯ ಒಬ್ಬರು, ಲಾರಿ ಡ್ರೈವರ್, ಸ್ಯಾಂಪಲ್ ಕೊಡಲು ಒಪ್ಪಲೇ ಇಲ್ಲ. ಅವರೊಬ್ಬರನ್ನೇ ಕೂರಿಸಿಕೊಂಡು ಮೊದಲು ಲಾರಿಯ ಬಗ್ಗೆ ಕೇಳಿದೆ. ಎಂಜಿನ್ ಬಿಸಿ, ನಿದ್ದೆ, ಗುಟ್ಕಾ. ಆಮೇಲೆ ಗೊತ್ತಾಯಿತು, ಅವರಿಗೆ ಪರೀಕ್ಷೆಯ ಭಯವಲ್ಲ. ಹಿಂದೊಂದು ಲ್ಯಾಬ್‌ನಲ್ಲಿ ಜನ ಓಡಾಡುವ ಕಡೆಯ ಟಾಯ್ಲೆಟ್ ತೋರಿಸಿ ಡಬ್ಬಿ ಕೈಗಿಟ್ಟಿದ್ದರಂತೆ. ಚಿಲಕವೂ ಇರಲಿಲ್ಲ. ‘ಈ ಊರಲ್ಲಿ ನಿಮ್ಮ ನೆಂಟರ ಮನೆ ಇದೆಯಲ್ಲ, ಅಲ್ಲಿಂದಲೇ ತನ್ನಿ. ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತಲುಪಿಸಿ’ ಅಂದೆ. ತಂದರು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಗಿನ ಮಿತಿ ಎನ್ನುತ್ತದೆ. ಇವರದು ಸೊನ್ನೆ. ಮೊದಲು ಅವರೊಬ್ಬರಿಗೇ ಹೇಳಿದೆ. ಸೊನ್ನೆ ಅಂದರೆ ಮುಗಿಯಿತು ಅಂತಲ್ಲ, ಇನ್ನೊಮ್ಮೆ ನೋಡಬೇಕು, ದಾರಿ ಕಟ್ಟಿದೆಯೋ ಉತ್ಪತ್ತಿಯೇ ಇಲ್ಲವೋ ತಿಳಿಯಬೇಕು. ಕಟ್ಟಿದ್ದರೆ ವೃಷಣದಿಂದ ಸೂಜಿಯಲ್ಲಿ ತೆಗೆದು ಇಕ್ಸಿ, ಅಂದರೆ ಲ್ಯಾಬ್‌ನಲ್ಲಿ ಅಂಡದೊಳಗೆ ಒಂದು ವೀರ್ಯಾಣುವನ್ನು ಚುಚ್ಚಿ ಸೇರಿಸುವ ಚಿಕಿತ್ಸೆ, ಮಾಡಬಹುದು ಅಂತ ವಿವರಿಸಿದೆ. ಅವರು ಕೇಳಿದ್ದು ಒಂದೇ: ‘ಮನ್ಯಾಗ ಏನಂತ ಹೇಳ್ಲಿ?’ ಅವರೇ ಒಪ್ಪಿದ ಮೇಲೆ ಹೆಂಡತಿಯನ್ನು ಒಳಗೆ ಕರೆದೆ. ಆಕೆ ಪೂರ್ತಿ ಕೇಳಿಸಿಕೊಂಡು, ‘ಇಬ್ಬರಿಗೂ ಟ್ರೀಟ್‌ಮೆಂಟ್ ನಡದೈತಿ ಅಂತ ಹೇಳೋಣ ಬಿಡ್ರಿ’ ಅಂದರು. ಅಷ್ಟು ವರ್ಷ ಊರವರ ಮಾತು ಕೇಳಿದ್ದು ಆಕೆ ಒಬ್ಬರೇ, ಅಲ್ವಾ?

ಐವಿಎಫ್ (ಅಂಡ, ವೀರ್ಯಾಣುಗಳನ್ನು ಲ್ಯಾಬ್‌ನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕ್ಕೆ ಬಿಡುವ ಚಿಕಿತ್ಸೆ) ಮಾಡಿಸಿಕೊಂಡವರಿಗೆ ಫಲಿತಾಂಶದ ಫೋನ್ ನಾನೇ ಮಾಡುತ್ತೇನೆ. ಆಗಿಲ್ಲ ಅಂದರೆ ಮೊದಲ ವಾಕ್ಯದಲ್ಲೇ ಹೇಳುತ್ತೇನೆ, ಸುತ್ತಿ ಬಳಸುವುದಿಲ್ಲ. ಮಹಡಿ ಹತ್ತಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ ಹೀಗಾಗಿದ್ದಲ್ಲ ಅನ್ನುವುದನ್ನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಪ್ರಯತ್ನದ ಮಾತನ್ನು ಆವತ್ತು ಎತ್ತುವುದಿಲ್ಲ. ಅವರು ಮತ್ತೆ ಬಂದಾಗ ಇಂಜೆಕ್ಷನ್, ಲ್ಯಾಬ್, ಔಷಧಿಯ ಖರ್ಚನ್ನು ಬೇರೆ ಬೇರೆ ಬರೆದು ಕೊಡುತ್ತೇನೆ. ಹೊಲ ಮಾರುತ್ತೇವೆ ಅಂದರೆ ತಡೆಯಿರಿ ಅನ್ನುತ್ತೇನೆ. ಆದರೆ ಹೆಂಡತಿಗೆ ವಯಸ್ಸು 38 ದಾಟಿದ್ದರೆ ಕಾಯಿರಿ ಅನ್ನುವಂತೆಯೂ ಇಲ್ಲ. ಆಗ ಇಬ್ಬರನ್ನೂ ಕೂರಿಸಿಕೊಂಡು, ಎಷ್ಟು ಸಲ ಪ್ರಯತ್ನ, ಎಲ್ಲಿಗೆ ನಿಲ್ಲಿಸೋದು ಅಂತ ಶುರು ಮಾಡುವ ಮೊದಲೇ ಮಾತಾಡಿಕೊಳ್ಳುತ್ತೇವೆ.