ಒಂದೇ ವರ್ಷ, ಹಲವು ಕಥೆ: 2019ನ್ನು ಜೋಡಿಸಿ ನೋಡುವುದು ಹೇಗೆ

ಕಥೆಗಳಲ್ಲಿ ಒಂದು ವರ್ಷ ಹೇಗೆಲ್ಲ ಬಂದಿದೆ ಅಂತ ನೋಡುವ ಆಸೆ ಇದ್ದರೆ 2019ರಿಂದ ಶುರು ಮಾಡಿ. ಬರೆದವರಿಗೆ ಅದು ದೂರದ ಭವಿಷ್ಯ, ನಮಗೆ ಬದುಕಿ ಮುಗಿಸಿದ ವರ್ಷ. ಹಾಗಾಗಿ ಅವರು ಹೇಳಿದ್ದನ್ನು ನಮ್ಮ ನೆನಪಿನ ಪಕ್ಕದಲ್ಲೇ ಇಟ್ಟು ನೋಡಬಹುದು.

ಮೊದಲು ಒಂದು ಪುಟದಲ್ಲಿ ಕಾಲಂ ಹಾಕಿ, ಪ್ರತಿ ಕಥೆಗೂ ಎರಡು ವರ್ಷ ಬರೆದುಕೊಳ್ಳಿ: ಕಥೆ ನಡೆಯುವುದು ಯಾವಾಗ, ಕಥೆ ಹೊರಬಂದಿದ್ದು ಯಾವಾಗ. ‘ಬ್ಲೇಡ್ ರನ್ನರ್’ ಸಿನಿಮಾ ಬಂದಿದ್ದು 1982ರಲ್ಲಿ, ನಡೆಯುವುದು 2019ರ ನವೆಂಬರ್‌ನ ಲಾಸ್ ಏಂಜಲೀಸ್‌ನಲ್ಲಿ. ಅದಕ್ಕೆ ಆಧಾರವಾದ ಫಿಲಿಪ್ ಕೆ. ಡಿಕ್ ಕಾದಂಬರಿ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ 1968ರದ್ದು, ಅದರಲ್ಲಿ ಕಥೆಯ ವರ್ಷ 1992. ಆಮೇಲಿನ ಮುದ್ರಣಗಳಲ್ಲಿ ಅದನ್ನು 2021 ಅಂತ ತಿದ್ದಿದ್ದಾರೆ! ಅದಕ್ಕೇ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲೋ ಅವೆನ್ಯೂ ರೋಡ್‌ನಲ್ಲೋ ಹಳೇ ಪ್ರತಿ ಸಿಕ್ಕರೆ ಮುದ್ರಣದ ವಿವರ ಇರುವ ಪುಟ ತೆಗೆದು ನೋಡಿ, ಯಾವ ಮುದ್ರಣ ಅಂತ ಗುರುತು ಮಾಡಿಕೊಳ್ಳಿ.

ಆಮೇಲೆ ಚಿಕ್ಕ ವಸ್ತುಗಳನ್ನು ಹುಡುಕಿ. ಹಾರುವ ಕಾರು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ಬಿಡಿ. ಅದೇ ಸಿನಿಮಾದಲ್ಲಿ ನಾಯಕ ಬಾರಿನಿಂದ ನಾಯಕಿಗೆ ಒಂದು ಕಾಲ್ ಮಾಡುತ್ತಾನೆ. ಪರದೆಯ ಮೇಲೆ ಆಕೆಯ ಮುಖ ಕಾಣುತ್ತದೆ, ಮಾತು ಮುಗಿದಾಗ 1.25 ಡಾಲರ್ ಅಂತ ಚಾರ್ಜು ತೋರಿಸುತ್ತದೆ. ಆದರೆ ಅದು ನಮ್ಮ ಕಾಯಿನ್ ಬೂತ್ ಥರ ಅಲ್ಲೇ ನೆಟ್ಟ ಸಾರ್ವಜನಿಕ ಫೋನು. ವಿಡಿಯೋ ಕಾಲ್ ಬರುತ್ತದೆ ಅನ್ನೋದನ್ನು ಸರಿಯಾಗಿ ಊಹಿಸಿದ್ದಾರೆ, ಜೇಬಿನಲ್ಲಿ ಇರುವ ಫೋನ್ ಮಾತ್ರ ಅವರಿಗೆ ಹೊಳೆದಿಲ್ಲ. ನಾಯಕ ಬೀದಿಯಲ್ಲಿ ಓದುವುದೂ ಕಾಗದದ ಪೇಪರನ್ನೇ. ಊರ ಮೇಲೆ ಪ್ಯಾನ್ ಆಮ್ ವಿಮಾನ ಕಂಪನಿಯ ಜಾಹೀರಾತು ಹೊಳೆಯುತ್ತದೆ, ನಿಜದಲ್ಲಿ ಆ ಕಂಪನಿ 1991ರಲ್ಲೇ ಮುಚ್ಚಿತು. ಇಂಥ ವಿವರಗಳೇ ನನಗೆ ಜಾಸ್ತಿ ಇಷ್ಟ, ಯಾಕಂದ್ರೆ ಕಾಣುವುದು 1982ರ ಮನಸ್ಸು, ಅಲ್ವಾ?

ಪ್ರತಿ ಕಥೆ ಯಾವುದಕ್ಕೆ ಹೆದರುತ್ತಿದೆ ಅಂತಲೂ ಒಂದು ಸಾಲು ಬರೆಯಿರಿ. ಜಪಾನಿನ ‘ಅಕಿರಾ’ ಸಿನಿಮಾವೂ 2019ರಲ್ಲೇ ನಡೆಯುತ್ತದೆ, ಆದರೆ ಅದರ ಭಯವೇ ಬೇರೆ. ಶುರುವಿನಲ್ಲೇ ಟೋಕಿಯೋ ಒಂದು ಸ್ಫೋಟಕ್ಕೆ ನಾಶವಾಗುತ್ತದೆ. ತಾರೀಖು 1988ರ ಜುಲೈ 16, ಸಿನಿಮಾ ಜಪಾನಿನಲ್ಲಿ ಬಿಡುಗಡೆಯಾದ ದಿನವೂ ಅದೇ. ಥಿಯೇಟರಿನಲ್ಲಿ ಕೂತವರು ಅವತ್ತೇ ತಮ್ಮ ಊರು ಹೋಗುವುದನ್ನು ನೋಡಿದರು. 1945ರ ಅಣುಬಾಂಬ್ ಕಂಡ ದೇಶ ಅದು, ಈ ತಾರೀಖನ್ನು ಸುಮ್ನೆ ಇಟ್ಟಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ.

ಕೊನೆಯ ಕಾಲಂ ನಿಮ್ಮ ಊರಿಗೆ. ‘ಬ್ಲೇಡ್ ರನ್ನರ್’ನ 2019ರಲ್ಲಿ ಮನುಷ್ಯರು ಭೂಮಿ ಬಿಟ್ಟು ಬೇರೆ ಲೋಕಗಳಲ್ಲಿ ನೆಲೆಸಿದ್ದಾರೆ. ನಿಜವಾದ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಲ್ಲಿ ವಿಜ್ಞಾನಿಗಳು ಕಾಯುತ್ತಿದ್ದಾಗ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲದ ಹತ್ತಿರ ಹೋಗಿ ಸಂಪರ್ಕ ಕಳೆದುಕೊಂಡಿತು. ಎರಡನ್ನೂ ಒಂದೇ ಪುಟದಲ್ಲಿ ಬರೆಯಿರಿ.

2019 ಮುಗಿದ ಮೇಲೆ 1984 ಹಿಡಿಯಿರಿ. ಆ ವರ್ಷವನ್ನೇ ಹೆಸರಾಗಿಟ್ಟುಕೊಂಡ ಜಾರ್ಜ್ ಆರ್ವೆಲ್ ಕಾದಂಬರಿ ಬಂದಿದ್ದು 1949ರಲ್ಲಿ. ಅದನ್ನು ಓದಿ, ನಿಜವಾದ 1984ರಲ್ಲಿ ಬೆಂಗಳೂರು ಹೇಗಿತ್ತು, ಮನೆಗೆ ಫೋನ್ ಕನೆಕ್ಷನ್ ಸಿಗೋಕೆ ಎಷ್ಟು ಕಾಯಬೇಕಿತ್ತು ಅಂತ ಅಜ್ಜ ಅಜ್ಜಿಯನ್ನು ಕೇಳಿ.