ಘಟ್ಟದ ಮೇಲೆ ಮನೆ, ಅಳಿವೆಯಲ್ಲಿ ದೋಣಿ

ನಾನು ಹುಟ್ಟಿದ್ದು ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ. ಶಾಲೆಗೆ ತೆಪ್ಪ, ನೆಂಟರ ಮನೆಗೆ ಲಾಂಚು. ನೀರಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಆಗಲೇ ಹತ್ತಿತ್ತು. ಅದೇ ಜಂಬದಲ್ಲಿ ಐದು ವರ್ಷದ ಹಿಂದೆ ಹೊನ್ನಾವರದಲ್ಲಿ ಒಂದು ಹಳೇ ಫೈಬರ್ ದೋಣಿ ಕೊಂಡೆ. ಈಗ ತಾಳಗುಪ್ಪದ ಹತ್ತಿರ ಎರಡು ಎಕರೆ ಅಡಿಕೆ ತೋಟ, ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ದೋಣಿ. ಅಡಿಕೆ ಬೆಳೆಗಾರನಿಗೆ ಸಮುದ್ರದಲ್ಲೇನು ಕೆಲಸ ಅಂತ ಕೇಳದವರಿಲ್ಲ. ತಾಜಾ ಬಂಗುಡೆ ತಿಂದವರು ಯಾರೂ ಕೇಳಲಿಲ್ಲ.

ಮೊದಲು ನನ್ನ ತಲೆಯಲ್ಲಿದ್ದದ್ದು 14 ಅಡಿಯ, ತಳ ಚಪ್ಪಟೆ ಇರುವ ಸಣ್ಣ ದೋಣಿ. ಹಿನ್ನೀರಿಗೆ ಅಷ್ಟು ಧಾರಾಳ. ಹೊನ್ನಾವರದ ಪಕ್ಕದ ಕಾಸರಕೋಡಿನ ಮೀನುಗಾರ ಗೆಳೆಯನೊಬ್ಬ, ಮುಂದೆ ಅವನೇ ನನ್ನ ಪಾಲುದಾರನಾದ, ಅದನ್ನು ನೋಡಿ ನಕ್ಕ. "ಇದರಲ್ಲಿ ಅಳಿವೆ ದಾಟಿದ್ರೆ ದೋಣಿ ಒಂದೇ ವಾಪಸ್ ಬರ್ತದೆ" ಎಂದ. ಅಳಿವೆ ಅಂದರೆ ಹೊಳೆ ಸಮುದ್ರ ಸೇರುವ ಬಾಯಿ. ಮೂತಿ ಎತ್ತರವಿರುವ 22 ಅಡಿಯದು ಹುಡುಕಿದೆವು. ಬರೀ ದೋಣಿಗೆ 65 ಸಾವಿರ, ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ, ಬಳಸಿದ 8 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ನಿಗೆ 48 ಸಾವಿರ. ಒಂದು ಒಳ್ಳೇ ಬೈಕಿನ ದುಡ್ಡು.

ಹಳೇ ದೋಣಿ ನೋಡುವುದು ಹೇಗೆ ಅಂತ ಆ ದಿನ ಅವನಿಂದ ಕಲಿತೆ. ತೆಂಗಿನಕಾಯಿ ಆರಿಸುವಾಗ ಬಡಿದು ನೋಡುತ್ತೇವಲ್ಲ, ಹಾಗೆ ಮೂತಿಯಿಂದ ಹಿಂಬದಿವರೆಗೆ ಗೆಣ್ಣಿನಿಂದ ಬಡಿಯುತ್ತಾ ಹೋದ. ಟಣ್ ಅಂದರೆ ಗಟ್ಟಿ. ಬೊದ್ ಅಂದಲ್ಲಿ ಫೈಬರಿನ ಪದರ ಬಿಟ್ಟಿದೆ ಎಂದರ್ಥ. ಆಮೇಲೆ ಎಂಜಿನ್ ಕೂರುವ ಹಿಂದಿನ ಹಲಗೆ. ಅದರೊಳಗೆ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತಿನಿಂದ ನೀರು ಇಳಿದು ಒಳಗೊಳಗೇ ಕೊಳೆಯುತ್ತದೆ, ಹೊರಗಿನ ಬಣ್ಣ ಮಾತ್ರ ಮದುಮಗನ ಹಾಗಿರುತ್ತದೆ. ಎಂಜಿನ್ನಿನ ಕಾಲು, ಅಂದರೆ ನೀರಿಗಿಳಿಯುವ ಭಾಗ, ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಹಲಗೆಯೂ ಜತೆಗೆ ಮಿಸುಕುತ್ತದೋ ನೋಡಬೇಕು. ಮೊದಲು ನೋಡಿದ ಎರಡು ದೋಣಿ ಇದರಲ್ಲೇ ಫೇಲಾದವು. ಎಂಜಿನ್ನಿನ ಗೇರ್ ಆಯಿಲ್ ನಾಲ್ಕು ಹನಿ ಬಿಡಿಸಿ ನೋಡಿದ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಸೀಲು ಹೋಗಿ ನೀರು ಸೇರಿದೆ. ನಮ್ಮದು ಜೇನಿನ ಬಣ್ಣ ಇತ್ತು.

ಕಾಗದಪತ್ರದ್ದು ಹೆಚ್ಚು ಹೇಳುವುದಿಲ್ಲ. ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ನಂಬರು ದೋಣಿಯ ಮೇಲೆ ಬರೆದಿರಬೇಕು. ಹಳೇ ಮಾಲೀಕನ ಕಾಗದ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.

ಇನ್ನು ಅಳಿವೆ. ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ, ನಮ್ಮ ಅಜ್ಜನ ಗದ್ದೆಯನ್ನು ಮುಳುಗಿಸಿ, ಕರೆಂಟು ಮಾಡಿಕೊಟ್ಟು, ಗೇರುಸೊಪ್ಪೆ ಅಣೆಕಟ್ಟು ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಆ ಬಾಯಲ್ಲಿ ಹೂಳು ತುಂಬಿ ಮರಳದಿಬ್ಬ ಎದ್ದಿದೆ, ಅದೂ ಒಂದೇ ಕಡೆ ನಿಲ್ಲುವುದಿಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಸಮುದ್ರದ ಅಲೆ ಒಳಗೆ ಬರುತ್ತದೆ, ಎರಡೂ ಎದುರಾದಲ್ಲಿ ಅಲೆ ಗೋಡೆಯಂತೆ ಎದ್ದು ಮುರಿಯುತ್ತದೆ. ಮೇಲಿನಿಂದ ನೀರು ಬಿಟ್ಟ ದಿನ ಇನ್ನೂ ಜೋರು. ಹಿನ್ನೀರಿನಲ್ಲಿ ಗಾಳಿ ಬಂದರೆ ಮಾತ್ರ ಅಲೆ. ಇಲ್ಲಿ ಗಾಳಿಯೇ ಇಲ್ಲದ ಬೆಳಗ್ಗೆಯೂ ಅಲೆ ಬರುತ್ತಲೇ ಇರುತ್ತದೆ. ಇದು ನನ್ನ ತಲೆಗೆ ಹೋಗಲು ಒಂದು ಪೆಟ್ಟು ಬೇಕಾಯಿತು.

ಮೊದಲ ವರ್ಷದ ಫೆಬ್ರವರಿ. ಬೆಳಗಿನ ಜಾವ ಭೂಮಿಯಿಂದ ಬೀಸುವ ಮೂಡುಗಾಳಿಯಲ್ಲಿ ಹೊರಟು, ಬಸವರಾಜದುರ್ಗದ ಗುಡ್ಡ ಕಾಣುವಷ್ಟು ದೂರದಲ್ಲಿ ಬಲೆ ಬಿಟ್ಟಿದ್ದೆವು. ಇಕ್ಕೇರಿ ಅರಸರ ನಂಟಿನ ದ್ವೀಪ ಅದು. ನಮ್ಮ ಸಾಗರ ಪೇಟೆಯ ಪಕ್ಕದವರು ಅಷ್ಟು ಹಿಂದೆಯೇ ಇಲ್ಲಿಗೆ ಇಳಿದಿದ್ದರು ಅಂತ ನನಗೊಂದು ಸಮಾಧಾನ. ಹತ್ತು ಗಂಟೆಗೆ ಬಲೆ ಎತ್ತುವುದು ವಾಡಿಕೆ. ಬಂಗುಡೆ ಬೀಳುತ್ತಿದೆ, ಇನ್ನೊಂದು ಗಂಟೆ ಇರೋಣ ಅಂತ ಹಟ ಹಿಡಿದವನು ನಾನೇ. ಹನ್ನೊಂದೂವರೆಗೆ ಪಡುಗಾಳಿ ಎದ್ದಿತು, ಇಳಿತವೂ ಶುರುವಾಗಿತ್ತು. ಅಳಿವೆಯಲ್ಲಿ ಹಿಂದಿನಿಂದ ಬಂದ ಅಲೆ ದೋಣಿಯನ್ನು ಎತ್ತಿ ಅಡ್ಡ ತಿರುಗಿಸಿತು, ಎಂಜಿನ್ನಿನ ಫ್ಯಾನು ಮರಳಿಗೆ ತಾಗಿ, ಅದನ್ನು ದಂಡಕ್ಕೆ ಕೂಡಿಸುವ ಶಿಯರ್ ಪಿನ್ ತುಂಡಾಯಿತು. ಎಂಜಿನ್ ಗುರ್ ಅನ್ನುತ್ತದೆ, ದೋಣಿ ಕದಲದು. ಗೆಳೆಯ ಒಂದು ಮಾತೂ ಆಡದೆ ಲಂಗರು ಎಸೆದು ಮೂತಿಯನ್ನು ಅಲೆಗೆ ತಿರುಗಿಸಿದ, ಆಮೇಲೆ ಚುಕ್ಕಾಣಿ ಹುಟ್ಟು ಕೈಗೆ ತೆಗೆದುಕೊಂಡ. ನಾನು ಬಂಗುಡೆ ಬುಟ್ಟಿಯಿಂದಲೇ ನೀರು ಎತ್ತಿ ಹಾಕುತ್ತಿದ್ದೆ. ತೂತಿನ ಬುಟ್ಟಿ ಅಂತ ದಡ ಮುಟ್ಟಿದ ಮೇಲೆ ಗೊತ್ತಾಯಿತು. ಅಂದಿನಿಂದ ದೋಣಿಯಲ್ಲಿ ಎರಡು ಹುಟ್ಟು, ಉದ್ದ ಹಗ್ಗದ ಲಂಗರು, ಆರು ಶಿಯರ್ ಪಿನ್, ಒಂದು ಬಕೆಟ್ಟು, ಇಬ್ಬರಿಗೂ ಲೈಫ್ ಜಾಕೆಟ್ಟು. ಭರತ, ಅಂದರೆ ನೀರು ಏರುವ ಹೊತ್ತು, ನೋಡದೆ ನಾವು ಒಳಗೆ ಬರುವುದಿಲ್ಲ. ಹೊರಗೇ ಕಾಯುತ್ತೇವೆ.

ಇನ್ನೊಂದು ಪೆಟ್ಟು ಸಮುದ್ರದ್ದಲ್ಲ, ಅಡಿಕೆಯದು. ಉಪ್ಪುನೀರಲ್ಲಿ ಓಡಿದ ಎಂಜಿನ್ನನ್ನು ಪ್ರತಿಸಲ ಸಿಹಿನೀರಲ್ಲಿ ಓಡಿಸಿ ತೊಳೆಯಬೇಕು, ಇಲ್ಲದಿದ್ದರೆ ನೀರು ಹಾಯುವ ದಾರಿಯಲ್ಲಿ ಉಪ್ಪು ಕಟ್ಟುತ್ತದೆ. ಮಳೆಗಾಲಕ್ಕೆ ಎಂಜಿನ್ ಬಿಚ್ಚಿ ಮನೆಗೆ ತಂದವನು, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ನೀಲಿ ಡ್ರಮ್ಮಿಗೆ ನೀರು ತುಂಬಿ ಅದರಲ್ಲೇ ಓಡಿಸಿದೆ. ರಾತ್ರಿಯಿಡೀ ಅದರಲ್ಲೇ ಬಿಟ್ಟೆ ಬೇರೆ. ತಳದಲ್ಲಿ ಆ ದ್ರಾವಣದ ಮೈಲುತುತ್ತು ಕಟ್ಟಿತ್ತು, ಅದು ತಾಮ್ರದ್ದು. ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ಆಗಿಬರುವುದಿಲ್ಲ; ಎಂಜಿನ್ನಿನ ಕಾಲಿನ ತುಂಬ ಸಿಡುಬಿನ ಕಲೆಯಂಥ ಗುಳಿ. ಮೆಕ್ಯಾನಿಕ್ ಹತ್ತಿರ 4 ಸಾವಿರದ ಜತೆಗೆ ಬೈಗುಳವೂ ಸಿಕ್ಕಿತು. ಈಗ ಅದಕ್ಕೇ ಬೇರೆ ಡ್ರಮ್ಮು. ಒಣಗಲಿ ಅಂತ ಎಂಜಿನ್ನನ್ನು ಬಚ್ಚಲ ಒಲೆಯ ಹತ್ತಿರ ಇಟ್ಟದ್ದಕ್ಕೆ ಮನೆಯಲ್ಲಿ ಸಿಕ್ಕಿದ ಬೈಗುಳ ಬೇರೆ ಲೆಕ್ಕ. ಪೆಟ್ರೋಲ್ ಪೂರ್ತಿ ಬಸಿದಿದ್ದೆ ಅಂದರೂ ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಸರಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿ ಒಳಗಿನ ನಾಡದೋಣಿಗೆ ಅದು ಅನ್ವಯಿಸುವುದಿಲ್ಲ, ನಮ್ಮದು ಹೋಗಬಹುದು. ಆದರೆ ಅಳಿವೆಗೆ ಎಚ್‌ಪಿ ಲೆಕ್ಕ ಗೊತ್ತಿಲ್ಲ. ಮೇ ಕೊನೆಗೇ ದೋಣಿ ದಡ ಹತ್ತಿ ಮಡಲಿನ ಚಪ್ಪರದಡಿ ಮಗುಚಿ ಮಲಗುತ್ತದೆ.

ದುಡ್ಡಿನ ಮಾತು. ಗಂಟೆಗೆ ಮೂರು ಲೀಟರ್ ಆಜುಬಾಜು ಪೆಟ್ರೋಲು, ಲೀಟರಿಗೆ 20 ಎಂಎಲ್ ಟೂ-ಸ್ಟ್ರೋಕ್ ಆಯಿಲ್. ಎಣ್ಣೆ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ದೋಣಿ-ಬಲೆಗೆ, ಅರ್ಧ ದುಡಿದವರಿಗೆ. ನಾನು ಹೋಗದ ದಿನ ದೋಣಿಯ ಪಾಲು ಮಾತ್ರ ನನಗೆ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟ ಪ್ರಕಾರ ಬಲೆ ರಿಪೇರಿ, ಎಂಜಿನ್ನಿನ ಸಾಮಾನು ಎಲ್ಲ ಕಳೆದು ಎರಡು ವರ್ಷ ನಷ್ಟ, ಎರಡು ವರ್ಷ ಚೂರು ಲಾಭ. ಘಟ್ಟ ಹತ್ತಿ ಇಳಿದ ಡೀಸೆಲ್ಲು ಅದರಲ್ಲಿ ಬರೆದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಕಾಲದ ಹೊಂದಾಣಿಕೆ. ಮೀನು ಚೆನ್ನಾಗಿರುವ ನವೆಂಬರ್-ಡಿಸೆಂಬರ್‌ನಲ್ಲೇ ನಮಗೆ ಅಡಿಕೆ ಗೊನೆಯ ಕೊಯ್ಲು, ಸುಲಿತ, ಬೇಯಿಸುವುದು. ನಾನು ಇಳಿಯುವುದು ಜನವರಿ ಹೊತ್ತಿಗೆ. ಅಷ್ಟು ದಿನವೂ ದೋಣಿಯನ್ನು ನೀರಲ್ಲಿಟ್ಟು, ತೊಳೆದು, ಕಾದವನು ಗೆಳೆಯ. ಪಾಲನ್ನು ಅರ್ಧದಿಂದ ಮೇಲೇರಿಸು ಅಂತ ಅವನು ಬಾಯಿಬಿಟ್ಟು ಕೇಳಿಲ್ಲ. ಈ ನೂಲುಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡಲು ಇಳಿದಾಗ ನಾನೇ ಆ ಮಾತು ಎತ್ತಬೇಕು ಅಂತಿದ್ದೇನೆ. ಅದರ ಜತೆಗೆ ತಳಕ್ಕೆ ಎರಡು ಕಡೆ ಫೈಬರ್ ಪಟ್ಟಿ ಹಾಕುವುದಿದೆ. ಮರಳಲ್ಲಿ ಎಳೆದೆಳೆದು ಸವೆದು ನೂಲು ಕಾಣಿಸುತ್ತಿದೆ.